ಹಿಡಿಯಕ್ಕಿ ಡಬ್ಬದ ಸದ್ದು

ಆ ವರ್ಷ ನಾನು ಯಾರನ್ನೂ ನಂಬುತ್ತಿರಲಿಲ್ಲ. ಮೊದಲಿನಿಂದಲೂ ನನ್ನದು ಅನುಮಾನದ ಬುದ್ಧಿಯೇ. ತಾಳವಾಡಿ ಸಂತೆಯಲ್ಲಿ ತಕ್ಕಡಿಯ ತಳವನ್ನೂ ಬಗ್ಗಿ ನೋಡುವವಳು ನಾನು. ಆದರೆ ನಮ್ಮ ಯಜಮಾನರು ಅಟ್ಟಣೆಯಿಂದ ಬಿದ್ದ ಮೇಲೆ ಅದು ಅತಿಯಾಯಿತು. ನೋಡಲು ಬಂದವರು ಯಾಕೆ ಬಂದರು ಅಂತ ಯೋಚಿಸುತ್ತಿದ್ದೆ. ಬಾರದವರು ಯಾಕೆ ಬರಲಿಲ್ಲ ಅಂತ ಇನ್ನೂ ಹೆಚ್ಚು ಯೋಚಿಸುತ್ತಿದ್ದೆ.

ಅವರು ಬಿದ್ದದ್ದಾದರೂ ಹೇಗೆ! ತಿಗನಾರೆಯ ನಮ್ಮ ತುಂಡು ಹೊಲದಲ್ಲಿ ಮೆಕ್ಕೆಜೋಳ ತೆನೆಗೆ ಬಂದಿತ್ತು. ಕಾಡಿನ ಅಂಚಿನ ಹೊಲ. ತೆನೆ ಹಾಲುಗಟ್ಟಿತೆಂದರೆ ಆನೆಗೂ ಹಂದಿಗೂ ಯಾರೂ ಹೇಳಿಕಳಿಸಬೇಕಾಗಿಲ್ಲ. ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಹದಿನೈದು ದಿನ ಕಾವಲು ಕಾದರು. ಕೊನೆಯ ದಿನ ಆನೆ ಬರಲಿಲ್ಲ, ಹಂದಿಯೂ ಬರಲಿಲ್ಲ. ಬೆಳಕು ಹರಿದ ಮೇಲೆ ಅಟ್ಟಣೆಯಲ್ಲೇ ಮಂಡಿಯೂರಿ, ಕಾಪಾಡಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿ ಇಳಿಯತೊಡಗಿದರು. ಏಣಿಯ ಮೇಲಿನಿಂದ ಎರಡನೆಯ ಮೆಟ್ಟಿಲು ಮುರಿಯಿತು. ಆಮೇಲೆ ಸೊಂಟದಿಂದ ಕೆಳಕ್ಕೆ ಅವರಿಗೆ ಏನೂ ತಿಳಿಯಲಿಲ್ಲ.

ಆನೆ ತುಳಿದಿದ್ದರೆ ಆನೆಯನ್ನು ಬೈಯುತ್ತಿದ್ದೆ. ಅರಣ್ಯದವರನ್ನು ಬೈಯುತ್ತಿದ್ದೆ. ಆದರೆ ಏಣಿ ಕಟ್ಟಿದವರು ಯಜಮಾನರೇ, ಹಗ್ಗ ಬಿಗಿದವರೂ ಅವರೇ. ಬೈಯುವುದಕ್ಕೆ ಉಳಿದವನು ಒಬ್ಬನೇ, ಯಾರಿಗೆ ಅವರು ಆಗಷ್ಟೇ ಸ್ತೋತ್ರ ಹೇಳಿದ್ದರೋ ಅವನು.

ನಮ್ಮ ಕ್ರೈಸ್ತ ಸಭೆಯ ಉಪದೇಶಿಗಳು ಬಂದು ಮಂಚದ ಪಕ್ಕ ನಿಂತು ಪ್ರಾರ್ಥನೆ ಮಾಡಿದರು. ಹೋಗುವಾಗ ನನ್ನನ್ನು ಬಾಗಿಲಾಚೆ ಕರೆದು, "ಸಹೋದರಿ, ಮನೆಯಲ್ಲಿ ಅರಿಕೆ ಮಾಡದೆ ಉಳಿದ ಪಾಪ ಏನಾದರೂ ಇದೆಯಾ, ಯೋಚಿಸಿ ನೋಡಿ" ಎಂದರು. ನಾನು ಯೋಚಿಸಿದೆ. ಅವರ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆಯಬೇಕು ಅನ್ನಿಸಿದ್ದೊಂದು ಬಿಟ್ಟರೆ ಬೇರೆ ಪಾಪ ನೆನಪಿಗೆ ಬರಲಿಲ್ಲ.

ನಮ್ಮ ಸಭೆಯಲ್ಲಿ ಹಿಡಿಯಕ್ಕಿ ಎಂಬ ಪದ್ಧತಿಯುಂಟು. ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕಬೇಕು. ತಿಂಗಳ ಮೊದಲ ಭಾನುವಾರ ಡಬ್ಬವನ್ನು ಪ್ರಾರ್ಥನೆಯ ಗುಡಿಗೆ ಒಯ್ದು ಮೂಟೆಗೆ ಸುರಿಯಬೇಕು. ಕಷ್ಟದಲ್ಲಿರುವ ಮನೆಗೆ ಆ ಮೂಟೆ ಹೋಗುತ್ತದೆ. ನನ್ನ ಡಬ್ಬ ಅತ್ತೆಯ ಕಾಲದ ಬಿಸ್ಕತ್ತಿನ ತಗಡು ಡಬ್ಬ. ಮುಚ್ಚಳ ಬಿಗಿ, ಬೆರಳು ಕೊಟ್ಟು ಎಬ್ಬಿಸಿದರೆ ಟಣ್ ಅಂತ ಸದ್ದು ಮಾಡುತ್ತಿತ್ತು. ಬಿದ್ದ ಮೇಲೆ ಯಜಮಾನರು ಪಡಸಾಲೆಯ ಮಂಚದಲ್ಲಿ ಮಲಗಿ ಬೆಳಗಿನ ಪ್ರಾರ್ಥನೆಯನ್ನು ಈ ಸದ್ದಿಗೆ ಸರಿಯಾಗಿ ಶುರುಮಾಡುತ್ತಿದ್ದರು. "ಈ ಮನೆಯ ಹಿಡಿಯನ್ನ ಅಂಗೀಕರಿಸು ತಂದೆ" ಎಂಬುದು ಅವರ ಮೊದಲ ಮಾತು.

ಇನ್ನು ಕಾಲು ಬರುವುದಿಲ್ಲ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ ಮರುದಿನ ನಾನು ಎಂದಿನಂತೆ ಅಕ್ಕಿ ಅಳೆದು ಒಂದು ಹಿಡಿ ತೆಗೆದೆ. ಹಿಂದಿನ ತಿಂಗಳ ಅಕ್ಕಿ ಆಗಲೇ ಗುಡಿಗೆ ಸೇರಿ ಡಬ್ಬ ಬರಿದಾಗಿತ್ತು. ಕೈ ಡಬ್ಬದವರೆಗೆ ಹೋಯಿತು. ಹಾಗೇ ಹಿಂದಕ್ಕೆ ಬಂದು ಅಕ್ಕಿಯನ್ನು ಪಾತ್ರೆಗೇ ಸುರಿಯಿತು. ಕೊಡಬಾರದು ಅಂತ ತೀರ್ಮಾನ ಮಾಡಿದ್ದೇನಲ್ಲ. ಕೊಡಲಾಗಲಿಲ್ಲ, ಅಷ್ಟೇ. ಆದರೆ ಪಡಸಾಲೆಯಲ್ಲಿ ಒಬ್ಬರು ಕಿವಿಗೊಟ್ಟು ಮಲಗಿದ್ದಾರಲ್ಲ! ಕಾಲು ಹೋದವರಿಗೆ, ನಿಮ್ಮ ಹೆಂಡತಿಯ ವಿಶ್ವಾಸವೂ ಹೋಯಿತು ಅಂತ ಯಾವ ಬಾಯಲ್ಲಿ ಹೇಳಲಿ? ಬರಿಗೈಯಲ್ಲೇ ಮುಚ್ಚಳ ಎಬ್ಬಿಸಿದೆ, ಒತ್ತಿ ಮುಚ್ಚಿದೆ. ಟಣ್ ಅಂದಿತು. ಆಚೆಯಿಂದ ಪ್ರಾರ್ಥನೆ ಶುರುವಾಯಿತು.

ಹೀಗೇ ದಿನ ಕಳೆದವು. ಡಬ್ಬದ ಒಳಗೆ ನಾನು ನೋಡುತ್ತಿರಲಿಲ್ಲ. ಖಾಲಿ ಎಂದು ಗೊತ್ತಿರುವುದನ್ನು ನೋಡುವುದೇನು? ಮುಖವನ್ನು ಆಚೆ ತಿರುಗಿಸಿಕೊಂಡೇ ಸದ್ದು ಮಾಡುತ್ತಿದ್ದೆ, ಕದ್ದ ಕೆಲಸಕ್ಕೆ ಇರುವ ನಾಚಿಕೆ ಅದಕ್ಕೂ ಇತ್ತು. ಈಚೀಚೆಗೆ ಅವರ ಪ್ರಾರ್ಥನೆಯಲ್ಲಿ, "ಯಾವ ಕೈ ಕೊಟ್ರೂ ಅಂಗೀಕರಿಸು" ಎಂದೊಂದು ಹೊಸ ಮಾತು ಸೇರಿತ್ತು. ಮಲಗಿ ಮಲಗಿ ಮಾತು ತಪ್ಪುತ್ತಿದೆ ಎಂದುಕೊಂಡೆ.

ತಿಂಗಳ ಮೊದಲ ಭಾನುವಾರ ಬಂತು. ಹಿಂದಿನ ದಿನ ಸಂಜೆ ರೇಷನ್ ಚೀಲದಿಂದ ಎರಡು ಸೇರು ಒಮ್ಮೆಗೇ ಡಬ್ಬಕ್ಕೆ ತುಂಬಿ ಮರ್ಯಾದೆ ಉಳಿಸಿಕೊಳ್ಳೋಣ ಎಂದು ಡಬ್ಬ ಎತ್ತಿದೆ. ಭಾರವಾಗಿತ್ತು.

ಮುಚ್ಚಳ ತೆಗೆದರೆ ಅರ್ಧಕ್ಕೂ ಮೇಲೆ ಅಕ್ಕಿ. ನಮ್ಮ ಮನೆಯ ದಪ್ಪ ರೇಷನ್ ಅಕ್ಕಿಯಲ್ಲ, ಸಣ್ಣನೆಯ ಬಿಳಿ ಅಕ್ಕಿ. ಯಾರೋ ನನ್ನ ಒಲೆಯವರೆಗೆ ಬಂದು ಹೋಗುತ್ತಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ನಾನು ಬರಿಗೈಯವಳೆಂದು ಯಾರಿಗೋ ಗೊತ್ತಿದೆ.

ಬೆಳಕಿಗೆ ಹಿಡಿದು ನೋಡಿದೆ. ಅಕ್ಕಿಯಲ್ಲಿ ಅಲ್ಲಲ್ಲಿ ಬೂದಿ ಇತ್ತು. ಒಲೆಯ ಬೂದಿಯಲ್ಲ, ನುಣ್ಣಗಿನ ಬೆಳ್ಳನೆಯ ಬೂದಿ.

ಮಾಟ ಎಂಬ ಮಾತು ಮನಸ್ಸಿಗೆ ಬಂದದ್ದೇ ತಡ, ಬೇರೆ ಯೋಚನೆಗೆ ಜಾಗವೇ ಉಳಿಯಲಿಲ್ಲ. ಒಬ್ಬೊಬ್ಬರನ್ನೇ ನೆನೆದುಕೊಂಡೆ. ಸಭೆಯ ಹೆಂಗಸರು? ಅವರು ಒಂದು ಹಿಡಿ ಹಾಕಿದರೆ ಮೂರು ಮನೆಗೆ ಕೇಳುವಂತೆ ಹೇಳಿಕೊಳ್ಳುತ್ತಿದ್ದರು. ಉಪದೇಶಿಗಳು? ನನ್ನ ಪಾಪ ಹಿಡಿಯಲು ಹೂಡಿದ ಉಪಾಯವೋ? ಯಜಮಾನರಂತೂ ಮಂಚ ಬಿಟ್ಟು ಏಳುವಂತಿಲ್ಲ. ಅದ್ಭುತ ಅನ್ನೋಣವೆಂದರೆ ಏಣಿಯ ಮೆಟ್ಟಿಲನ್ನು ಹಿಡಿಯಲಾರದ ದೇವರು ಡಬ್ಬಕ್ಕೆ ಅಕ್ಕಿ ತುಂಬುತ್ತಾನೆಂದರೆ ನಾನು ಒಪ್ಪುವವಳಲ್ಲ.

ಉಳಿದವರು ಪಕ್ಕದ ಮನೆಯ ಅವ್ವಾರು. ಎಂಬತ್ತರ ಹತ್ತಿರದ ಮುದುಕಿ, ಶಿವಪೂಜೆಯ ಮನೆತನ. ನಾನು ಕೂಲಿಗೆ ಹೋದಾಗ ಹತ್ತು ಗಂಟೆಯ ಹೊತ್ತಿಗೆ ಬಂದು ಯಜಮಾನರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಹೋಗುತ್ತಿದ್ದರು. ಕೊಡುತ್ತಿದ್ದರು ಅಂದರೆ, ನಮ್ಮ ಲೋಟಕ್ಕೆ ತಮ್ಮ ಚೊಂಬು ತಗಲದಂತೆ ಮೇಲಿನಿಂದ ಹುಯ್ಯುತ್ತಿದ್ದರು. ತಲೆತಲಾಂತರದಿಂದ ಅವರ ಮನೆಯವರು ನಮ್ಮ ಮನೆಯ ನೀರು ಮುಟ್ಟಿದವರಲ್ಲ. ನಮ್ಮ ಪಡಸಾಲೆ ದಾಟಿ ಒಳಗೆ ಕಾಲಿಟ್ಟವರಲ್ಲ. ಅವರು ನನ್ನ ಅಡುಗೆಮನೆಗೆ ಬಂದಾರೆಂದು ನಂಬುವುದು ಹೇಗೆ? ಆದರೆ ಅವರ ಹಣೆಯ ಮೇಲಿನ ಮೂರು ಬೆರಳಿನ ವಿಭೂತಿ ನೆನಪಾಯಿತು. ಹೌದಲ್ಲ!

ಆ ಭಾನುವಾರ ಜ್ವರ ಎಂದು ಹೇಳಿ ಗುಡಿಗೆ ಹೋಗಲಿಲ್ಲ. ಮಂಗಳವಾರ ಉಪದೇಶಿಗಳು ವಿಚಾರಿಸಿಕೊಳ್ಳಲು ಬಂದಾಗ, ಯಾರದೋ ಮನೆಯ ವಿಷಯ ಎಂಬಂತೆ ಅಕ್ಕಿಯಲ್ಲಿ ಬೂದಿ ಸಿಕ್ಕರೆ ಏನರ್ಥ ಎಂದು ಕೇಳಿದೆ.

"ಅದು ಕೆಡುಕಿನ ಕೆಲಸ. ಮುಟ್ಟಬಾರದು. ಪ್ರಾರ್ಥಿಸಿ ಹರಿಯುವ ನೀರಿಗೆ ಬಿಡಬೇಕು. ಹೊರಗಿನವರನ್ನು ಒಳಕ್ಕೆ ಬಿಡಬೇಡಿ ಅಂತ ಅವರಿಗೆ ಹೇಳಿ ಸಹೋದರಿ" ಎಂದರು. ಅವರ ಮಾತನ್ನು ಎಂದೂ ಪೂರ್ತಿ ನಂಬದ ನಾನು ಅವತ್ತು ಪೂರ್ತಿ ನಂಬಿದೆ. ನನಗೆ ಬೇಕಾದದ್ದನ್ನೇ ಹೇಳಿದ್ದರಲ್ಲ.

ಗುರುವಾರ ಜೀರಹಳ್ಳಿ ಕಡೆಯ ಕೋಸಿನ ತೋಟಕ್ಕೆ ಕೂಲಿ. ಬುತ್ತಿ ಕಟ್ಟಿಕೊಂಡು, ಯಜಮಾನರಿಗೆ ಹೇಳಿ, ವ್ಯಾನು ನಿಲ್ಲುವ ಕಡೆ ಹೊರಟವಳು ಬೇಲಿ ಸುತ್ತಿ ಹಿತ್ತಿಲಿಗೆ ಬಂದೆ. ಸೌದೆ ಒಟ್ಟಿದ ಮರೆಯಲ್ಲಿ ಕುಳಿತೆ. ಹಿತ್ತಿಲ ಬಾಗಿಲ ಹಲಗೆಯ ಸಂದಿಯಿಂದ ಒಲೆಯೂ ಡಬ್ಬವೂ ಕಾಣುತ್ತಿದ್ದವು. ಮೂರು ಗಂಟೆ ಕಾಲ ಹಾಗೆ ಕುಳಿತಿದ್ದೆ. ಒಂದು ದಿನದ ಕೂಲಿ ಹೋಯಿತು, ಮೊಣಕಾಲು ಹಿಡಿದುಕೊಂಡಿತು, ಇರುವೆ ಕಚ್ಚಿತು. ಆದರೂ ನಿಜ ಹೇಳಬೇಕೆಂದರೆ, ಗಂಡ ಬಿದ್ದ ಮೇಲೆ ಮೊದಲ ಸಲ ಮೈಯಲ್ಲಿ ಒಂದು ಹುರುಪಿತ್ತು. ಕೊನೆಗೂ ಬೈಯಲು ಒಬ್ಬರು ಸಿಗುತ್ತಾರೆ.

ಹತ್ತಕ್ಕೆ ಅವ್ವಾರ ದನಿ ಕೇಳಿಸಿತು. ಮಜ್ಜಿಗೆ ಹುಯ್ದರು, ಹಸು ಸರಿಯಾಗಿ ಹಾಲು ಕೊಡುತ್ತಿಲ್ಲ ಎಂದು ಯಜಮಾನರಿಗೆ ದೂರು ಹೇಳಿದರು. ಆಮೇಲೆ ಗೋಡೆ ಹಿಡಿದು ಹಿಡಿದು ನಡೆಯುವ ಹೆಜ್ಜೆ ಸದ್ದು. ಅಡುಗೆಮನೆಯ ಹೊಸ್ತಿಲ ಬಳಿ ನಿಂತರು. ಒಂದು ಗಳಿಗೆ ಕಣ್ಣು ಮುಚ್ಚಿ, ಏನೋ ಗೊಣಗಿ, ದಾಟಿ ಒಳಗೆ ಬಂದರು. ಡಬ್ಬವನ್ನು ಎದೆಗೆ ಆನಿಸಿಕೊಂಡು ಮುಚ್ಚಳ ಎಬ್ಬಿಸಿದರು. ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ಕಣ್ಣಿಗೆ ಒತ್ತಿಕೊಂಡು ಒಳಗೆ ಬಿಟ್ಟರು.

ನಾನು ಬಾಗಿಲು ತಳ್ಳಿದೆ. "ಏನ್ ಮಾಡ್ತಿದ್ದೀರಿ ಅವ್ವಾರೆ? ನಮ್ ಮನೆ ಕೆಟ್ಟೋಗಿರೋದು ಸಾಲ್ದಾ?"

ಡಬ್ಬ ಅವರ ಕೈಯಿಂದ ಜಾರುವುದರಲ್ಲಿತ್ತು. ಹೇಗೋ ಹಿಡಿದುಕೊಂಡರು. ಅವರ ಮುಖದಲ್ಲಿ ಹೆದರಿಕೆಗಿಂತ ನಾಚಿಕೆ ಹೆಚ್ಚಾಗಿತ್ತು. ನಮ್ಮ ಅಡುಗೆಮನೆಯಲ್ಲಿ ಸಿಕ್ಕಿಬಿದ್ದದ್ದಕ್ಕೋ ಏನೋ.

"ಮೆತ್ತಗೆ ಮಾತಾಡು ಕಣಮ್ಮಿ, ಅವ್ನ್ಗೆ ಕೇಳ್ಸೀತು" ಎಂದರು. "ಒಂದಿನ ಮಜ್ಗೆಗೆ ಉಪ್ಪು ಸಾಲ್ದು ಅಂದ. ನೀನಿಲ್ಲ. ಏನ್ ಮಾಡ್ಲಿ, ಒಳೀಕ್ ಬಂದು ಉಡುಕ್ದೆ. ಈ ಡಬ್ಬ ತಗುದ್ರೆ ಒಂದು ಕಾಳಿಲ್ಲ. ನನ್ನೆದೆ ಜಲ್ ಅಂತು."

"ಅದ್ಕೆ ನಿಮ್ಗೇನು?"

"ನನ್ಗೇನಾ? ಗಂಡನ್ ಜೀವಕ್ಕೆ ಅಂತ ನಿಮ್ ದೇವ್ರಿಗೆ ಎತ್ತಿಟ್ಟ ಮೀಸ್ಲು ಅದು. ಮೀಸ್ಲು ಡಬ್ಬ ಬರಿದಾಗಿ ಬುಟ್ರೆ ದೇವ್ರು ಸುಮ್ಕಿದ್ದಾನಾ? ಕಾಲ್ ತಕ್ಕೊಂಡೋನು ಜೀವಾನೂ ತಕ್ಕೊಂಡ್ರೆ? ನಿನ್ಗೆ ಸಂಕ್ಟ, ಮರ್ತೋಗಿದ್ದೀಯ ಅಂದ್ಕಂಡೆ. ಯಾರಾರ ಆಕ್ಬೇಕಲ್ಲ."

"ಅದು ಮೀಸ್ಲಲ್ಲ ಅವ್ವಾರೆ. ಹರ್ಕೆನೂ ಅಲ್ಲ. ಸಭೆಲಿ ಬಡವ್ರಿಗೆ ಅಂತ ಎತ್ತಿಡೋದು, ಅಷ್ಟೆ. ಆಕ್ದಿದ್ರೆ ಯಾರ್ ಜೀವಾನೂ ಓಗಲ್ಲ" ಎಂದೆ.

ಅವರು ನಂಬಲಿಲ್ಲ. ನನ್ನಷ್ಟೇ ಅನುಮಾನದ ಕಣ್ಣಿನಿಂದ ನನ್ನನ್ನು ನೋಡಿದರು.

"ಮತ್ತೆ ಈ ಬೂದಿ?"

ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಪೂಜೆಯ ವಿಭೂತಿ ಬೆರಳ ಸಂದಿಯಲ್ಲಿ ಇನ್ನೂ ಇತ್ತು. "ಬೇರೆ ದೇವ್ರಿಗೆ ಅಕ್ಕಿ ತಕ್ಕೊಂಡೋಯ್ತೀನಿ, ಕ್ವಾಪ ಮಾಡ್ಕಬ್ಯಾಡ ಅಂತ ದಿನಾ ಪೂಜೆ ಮುಗ್ಸಿ ಶಿವನ್ಗೆ ಏಳಿ ತರ್ತಿದ್ದೆ ಕಣವ್ವ. ಕೈ ತೊಳ್ಕಳದು ಮರ್ತೆ. ನಿಮ್ ದೇವ್ರು ವಿಭೂತಿ ಮುಟ್ಟಲ್ವಾ? ತಪ್ಪಾಯ್ತಾ?"

ಬೈಯಲೆಂದು ಮೂರು ಗಂಟೆ ಕೂಡಿಟ್ಟುಕೊಂಡಿದ್ದ ಮಾತೆಲ್ಲ ದಂಡವಾಯಿತು. ಅವರು ತಮ್ಮ ಮಡಿ ಬಿಟ್ಟು, ತಮ್ಮ ದೇವರಿಗೆ ಸಮಾಧಾನ ಹೇಳಿ, ನನ್ನ ದೇವರ ಕೋಪಕ್ಕೆ ಹೆದರಿ ದಿನಾ ಈ ಹೊಸ್ತಿಲು ದಾಟಿದ್ದರು. ನನಗೆ ಆ ದೇವರ ಮೇಲೆ ಅಷ್ಟು ಹೆದರಿಕೆಯೂ ಉಳಿದಿರಲಿಲ್ಲ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಡಬ್ಬವನ್ನು ನನ್ನ ಕೈಗೆ ಕೊಟ್ಟು, "ಇನ್ಮ್ಯಾಲೆ ನೀನೇ ಆಕ್ಬುಡು. ನನ್ಗೆ ಈ ಒಸ್ಲು ದಾಟಕ್ಕೆ ಮೊಣಕಾಲಾಗಲ್ಲ" ಎಂದು ಗೋಡೆ ಹಿಡಿದುಕೊಂಡು ಹೊರಟುಹೋದರು. ಪಡಸಾಲೆಯಲ್ಲಿ ಯಜಮಾನರು ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆಯೋ ನಟನೆಯೋ ಎಂದು ನಾನು ನಿಂತು ನೋಡಿದೆ. ಏನೂ ಗೊತ್ತಾಗಲಿಲ್ಲ.

ಒಂದು ವಾರ ತಡವಾದರೂ ಮುಂದಿನ ಭಾನುವಾರ ಆ ಅಕ್ಕಿಯನ್ನು ಬೂದಿಯ ಸಮೇತ ಗುಡಿಗೆ ಒಯ್ದೆ. ಮೂಟೆಗೆ ಸುರಿಯುವಾಗ ಉಪದೇಶಿಗಳು ಬಗ್ಗಿ ನೋಡಿದರು. ಮುಖ ಗಂಟಾಯಿತು. "ಇದೇನು ಸಹೋದರಿ?" ಎಂದರು.

"ಹಿಡಿಯಕ್ಕಿ" ಎಂದೆ.

"ಯಾರ ಮನೆಯದು?"

"ನಮ್ಮ ಮನೆಯದೇ. ತಿನ್ನುವವರು ತೊಳೆದುಕೊಂಡು ತಿನ್ನುತ್ತಾರೆ ಬಿಡಿ." ಅವರು ಮತ್ತೇನೋ ಹೇಳಲು ಬಾಯಿ ತೆರೆದರು. ನಾನು ನೋಡಿದ ನೋಟಕ್ಕೆ ಮೂಟೆಯ ಬಾಯಿ ಕಟ್ಟಿದರು.

ವಿಶ್ವಾಸ ತಿರುಗಿ ಬಂತು ಎಂದು ನಾನು ಸಾಕ್ಷಿ ಹೇಳುವುದಿಲ್ಲ. ಮುರಿದ ಮೆಟ್ಟಿಲಿನ ವಿಷಯವಾಗಿ ಅವನ ಮೇಲೆ ನನಗಿರುವ ಅನುಮಾನ ಇನ್ನೂ ಹಾಗೇ ಇದೆ. ಮೇಲೆ ಹೋದಾಗ ಮುಖಕ್ಕೆ ಮುಖ ಕೊಟ್ಟು ಕೇಳುವವಳೇ. ಆದರೆ ಆ ಮುದುಕಿಯ ಕೈಯಿಂದ ತುಂಬಿದ ಡಬ್ಬವನ್ನು ಮತ್ತೆ ಖಾಲಿ ಇಡಲು ಮನಸ್ಸು ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅಕ್ಕಿ ಅಳೆದೆ. ಮುಚ್ಚಳ ಎಬ್ಬಿಸಿದೆ, ಟಣ್ ಅಂದಿತು. ಪಡಸಾಲೆಯಲ್ಲಿ ಪ್ರಾರ್ಥನೆ ಶುರುವಾಯಿತು. ಈ ಸಲ ಮುಖ ತಿರುಗಿಸದೆ ಡಬ್ಬದೊಳಗೆ ನೋಡಿದೆ. ತಳ ಹೊಳೆಯುತ್ತಿತ್ತು. ಹಿಡಿ ಬಿಚ್ಚಿದೆ. ಬರಿಯ ತಗಡಿನ ಮೇಲೆ ಅಕ್ಕಿ ಸುರುಸುರು ಬಿದ್ದು ಉರುಳಿತು.

ಪ್ರಾರ್ಥನೆ ಅರ್ಧಕ್ಕೆ ನಿಂತಿತು. ಏನಾಯಿತೋ ಎಂದು ಗಾಬರಿಯಿಂದ ಆಚೆ ಓಡಿದೆ. ಬಿದ್ದ ದಿನವೂ ಅಳದಿದ್ದ ಮನುಷ್ಯ ಗೋಡೆ ಕಡೆ ಮುಖ ಮಾಡಿಕೊಂಡು ಅಳುತ್ತಿದ್ದರು.

"ಎಷ್ಟ್ ದಿನ ಆಗಿತ್ತು ಕಣಮ್ಮಿ" ಎಂದರು, "ನಿನ್ ಕೈಯಿಂದ ಕಾಳು ಬಿದ್ದ ಸದ್ದು ಕೇಳಿ."