ತಮ್ಮ ಅಳದ ಮಧ್ಯಾಹ್ನ

೧೯೪೯ರ ಬೇಸಿಗೆ. ನಿಜಾಮರ ಆಡಳಿತ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ನನಗೆ ಎಂಟು ವರ್ಷ, ತಮ್ಮ ಶರಣನಿಗೆ ಒಂದೂವರೆ. ಅವನಿಗೆ ಆ ದಿನದ ನೆನಪಿಲ್ಲ. ನೆನಪಿದ್ದ ಅವ್ವ ಮತ್ತು ಮುತ್ಯಾ, ಅಂದರೆ ಅಪ್ಪನ ಅಪ್ಪ, ಕಡೆಯವರೆಗೂ ಎರಡು ಬೇರೆ ಕಥೆ ಹೇಳಿದರು. ನನ್ನದು ಮೂರನೆಯದು, ಅದನ್ನೂ ಪೂರ್ತಿ ನಂಬಬೇಡಿ.

ಆಗ ನಮ್ಮ ಹುಮನಾಬಾದಿನ ಕಡೆ ಕೂಸುಗಳಿಗೆ ಬಾಳಗೋಳಿ ಕೊಡುವುದು ಮನೆಮನೆಯ ರೂಢಿ. ಅಫೀಮು ಬೆರೆಸಿದ ಸಾಸಿವೆ ಗಾತ್ರದ ಗುಳಿಗೆ. ಹಾಲಲ್ಲಿ ತೇಯ್ದು ನೆಕ್ಕಿಸಿದರೆ ತಾಯಿ ಹೊಲದಿಂದ ಬರುವ ತನಕ ಕೂಸು ಮಲಗಿರುತ್ತಿತ್ತು. ಯಾರೂ ಅದನ್ನು ತಪ್ಪು ಎಂದುಕೊಂಡಿರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ತಮ್ಮನನ್ನು ನೋಡಿಕೊಳ್ಳುವುದು, ಗೋಳಿ ಕೊಡುವುದು, ಎರಡೂ ಮುತ್ಯಾನ ಕೆಲಸ. ಇನ್ನೊಂದು ರೂಢಿಯೂ ಇತ್ತು: ಸೊಸೆ ಮಾವನ ಎದುರು ನಿಂತು ಮಾತಾಡುವಂತಿಲ್ಲ. ಅವ್ವ ಏನಿದ್ದರೂ ಅಡುಗೆಮನೆಯ ಬಾಗಿಲ ಮರೆಯಿಂದ, ನನ್ನ ಹೆಸರು ಹಿಡಿದು ಹೇಳುತ್ತಿದ್ದಳು, ನಾನು ಅಲ್ಲಿರಲಿ ಬಿಡಲಿ. "ಗಂಗಾ, ರೊಟ್ಟಿ ಆಗ್ಯಾವಂತ ಮುತ್ಯಾಗ ಹೇಳು" ಅಂದರೆ ಮುತ್ಯಾ ಎದ್ದು ಕೈ ತೊಳೆಯುತ್ತಿದ್ದ.

ಅವತ್ತು ಅಪ್ಪ ಚಿಟಗುಪ್ಪಕ್ಕೆ ಗಾಡಿ ಹೊಡೆದುಕೊಂಡು ಹೋಗಿದ್ದ. ಕಲ್ಯಾಣಿಯಲ್ಲಿ ಸೋದರಮಾವನಿಗೆ ಜ್ವರ ಜೋರಾಗಿದೆ ಎಂದು ಸುದ್ದಿ ಬಂದು, ಅವ್ವ ಮುಂಜಾನೆಯ ಮೋಟಾರಿಗೆ ಹೊರಟಳು. ಹೊರಡುವ ಅವಸರದಲ್ಲಿ ಗೋಳಿಯನ್ನು ತಾನೇ ಕೊಟ್ಟಳು. "ಗಂಗಾ, ಗೋಳಿ ಕೊಟ್ಟೀನಂತ ಮುತ್ಯಾಗ ಹೇಳು" ಎಂದು ಮರೆಯಿಂದ ಹೇಳಿಯೇ ಹೋದೆ ಎಂಬುದು ಅವಳ ಮಾತು. ಏನೂ ಕೇಳಲಿಲ್ಲ ಎಂಬುದು ಮುತ್ಯಾನದು. ನಾನು ಆಗ ಬಾವಿಯ ಹತ್ತಿರ ಇದ್ದೆ. ಆದರೂ ಅವಳ ತುಟಿ ಅಲುಗಿದ್ದು, ಅಂಗಳದಲ್ಲಿ ಎಮ್ಮೆಗೆ ಕಣಿಕೆ ಹಾಕುತ್ತಿದ್ದ ಮುತ್ಯಾನ ಬೆನ್ನು, ಎರಡೂ ನನಗೆ ಕಾಣುತ್ತವೆ. ಅಲ್ಲಿ ಇಲ್ಲದವಳಿಗೆ ಹೇಗೆ ಕಂಡವೋ!

ನಾನು ಕೊಡ ಇಳಿಸುವಾಗ ತಮ್ಮ ಅಳುತ್ತಿದ್ದ. ಮುತ್ಯಾ ಕಿರುಬೆರಳಿನಿಂದ ಅವನ ನಾಲಿಗೆಗೆ ಹಾಲು ಹಚ್ಚುತ್ತಿದ್ದ.

"ಅವ್ವ ನೆನಪಾದ್ಲು ಇವಗ. ಈಗ ನೋಡು, ಬಾದಶಾನಂಗ ಮಲಗತಾನ" ಎಂದು ನಕ್ಕ.

ತಮ್ಮ ಮಲಗಿದ. ಮುತ್ಯಾ ತೊಟ್ಟಿಲ ಪಕ್ಕ ಹಗ್ಗ ಹೊಸೆಯುತ್ತ ಕೂತ.

ಮಧ್ಯಾಹ್ನ ಗಂಜಿ ಕುಡಿಸಲು ಎತ್ತಿದರೆ ತಲೆ ಹಿಂದಕ್ಕೆ ಜೋತುಬಿತ್ತು. ತುಟಿ ಕಪ್ಪಿಟ್ಟಿತ್ತು. "ಏ ಶರಣಾ, ಏಳೋ ಮಗನ" ಎಂದು ಮುತ್ಯಾ ಕೆನ್ನೆ ತಟ್ಟಿದ, ನೀರು ಚಿಮುಕಿಸಿದ. ರೆಪ್ಪೆಯೂ ಅಲುಗಲಿಲ್ಲ. ಉಸಿರು ಬರುತ್ತಿತ್ತು, ಆದರೆ ಒಂದು ಬಂದ ಮೇಲೆ ಇನ್ನೊಂದಕ್ಕೆ ಕಾಯಬೇಕಿತ್ತು. ಆ ಕಾಯುವಿಕೆಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

"ದೃಷ್ಟಿ ಆಗ್ಯದ" ಎನ್ನುತ್ತ ಮುತ್ಯಾ ನಿವಾಳಿಸಲು ಮೆಣಸಿನಕಾಯಿ ಹುಡುಕತೊಡಗಿದ. ನಾನು ಎದುರು ಮನೆಗೆ ಓಡಿದೆ. ಹುಸೇನಬಿ ಖಾಲಾ ಓಣಿಯ ಹೆರಿಗೆಗಳನ್ನೆಲ್ಲ ಮಾಡಿಸಿದವಳು, ತಮ್ಮನದೂ. ಹಿಂದಿನ ವರ್ಷದ ಗಲಾಟೆಯಲ್ಲಿ ಅವಳ ಮಗ ಮನೆಗೆ ಮರಳಿರಲಿಲ್ಲ. ಆಮೇಲೆ ಅವಳು ಬಾಗಿಲು ತೆಗೆಯುತ್ತಿರಲಿಲ್ಲ, ನಾವೂ ತಟ್ಟಿರಲಿಲ್ಲ. ನಾನು ಎರಡೂ ಕೈಯಿಂದ ಬಡಿದೆ.

"ಖಾಲಾ, ತಮ್ಮ ಏಳವಲ್ಲ!"

ಬಹಳ ಹೊತ್ತಿನ ಮೇಲೆ ಅಗಳಿ ಸರಿಯಿತು.

ಖಾಲಾ ಬಂದವಳೇ ತಮ್ಮನ ರೆಪ್ಪೆ ಎತ್ತಿ ನೋಡಿದಳು. "ಎಷ್ಟ ಗೋಳಿ ಕೊಟ್ರಿ ಕಾಕಾ?"

"ಒಂದ."

"ಸುಳ್ಳ ಹೇಳಬ್ಯಾಡ್ರಿ. ಇದು ಒಂದರ ನಿದ್ದಿ ಅಲ್ಲ."

"ನಿನ್ನ ಅಲ್ಲಾನ ಆಣಿ, ನನ್ನ ಬಸವಣ್ಣನ ಆಣಿ, ಒಂದ ಕೊಟ್ಟೀನಿ!" ಮುತ್ಯಾ ಅಳತೊಡಗಿದ. "ದವಾಖಾನಿಗಿ ಒಯ್ಯಲೇನು?"

"ಡಾಕ್ಟರ್ ಸಾಬ್ ಬೀದರಕ್ಕ ಹೋಗ್ಯಾರ. ಅಳೂದು ಆಮ್ಯಾಲ. ಎತ್ಕೊಂಡು ತಿರುಗಾಡ್ರಿ, ಕುಂದ್ರಬ್ಯಾಡ್ರಿ. ಇವ ಹಿಂಗ ಮಲಗಿದ್ರ ಹೋದ."

ಉರಿಬಿಸಿಲಲ್ಲಿ ಮುತ್ಯಾ ತಮ್ಮನನ್ನು ಹೆಗಲಿಗೆ ಹಾಕಿಕೊಂಡು ಅಂಗಳದ ಆ ತುದಿಯಿಂದ ಈ ತುದಿಗೆ ನಡೆದ. ಖಾಲಾ ಹಿಂದೆಯೇ ನಡೆಯುತ್ತ ಮೂಗಿಗೆ ಇಂಗು ಹಿಡಿದಳು, ಅಂಗಾಲಿಗೆ ಬೆರಳಿನಿಂದ ಫಟ್ ಫಟ್ ಹೊಡೆದಳು. ಕೈ ಸೋತಾಗ ನನ್ನನ್ನು ಕರೆದಳು. ನಾನು ಮೆಲ್ಲಗೆ ಚಿವುಟಿದೆ.

"ಜೋರ ಚಿವುಟ, ಹುಡುಗಿ. ಚರ್ಮ ಹೋದ್ರ ಬರ್ತದ."

ಒಮ್ಮೆ ಉಸಿರು ಬರಲೇ ಇಲ್ಲ. ಮುತ್ಯಾ ನಿಂತುಬಿಟ್ಟ. ಖಾಲಾ ಅವನ ಬೆನ್ನಿಗೆ ಗುದ್ದಿ, "ನಡೀರಿ!" ಎಂದು ಕಿರುಚಿದಳು. ಅವನು ನಡೆದ. ಉಸಿರು ಬಂತು.

ನೆರಳು ಗೋಡೆ ಹತ್ತುವ ಹೊತ್ತಿಗೆ ಅವ್ವ ಬಂದಳು. ಹೊಸ್ತಿಲಲ್ಲಿ ನಿಂತು ನೋಡಿದಳು. "ಗಂಗಾ" ಅನ್ನಲಿಲ್ಲ. ತಲೆಯ ಮೇಲಿನ ಸೆರಗು ಜಾರಿದ್ದರೂ ನೇರ ಮುತ್ಯಾನ ಮುಂದೆ ಹೋಗಿ, "ನೀವೂ ಕೊಟ್ರೇನ್ರಿ?" ಎಂದಳು. ಮುತ್ಯಾ ಅವಳ ಮುಖ ನೋಡಿ ಹೌದೆಂದು ತಲೆಯಾಡಿಸಿದ. ನಡೆಯುವುದನ್ನು ನಿಲ್ಲಿಸಲಿಲ್ಲ.

ತಾನು ಕಸಿದು ಎತ್ತಿಕೊಂಡ ಕೂಡಲೆ ತಮ್ಮ ಅತ್ತ ಎಂದು ಅವ್ವ ಹೇಳುತ್ತಿದ್ದಳು. ತನ್ನ ಹೆಗಲ ಮೇಲೆಯೇ ಅತ್ತ ಎಂದು ಮುತ್ಯಾ. ನನಗೆ ನೆನಪಿರುವುದು ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ, ಮತ್ತು ನೆಲದ ಮೇಲೆ ಕುಸಿದು ಕೂತ ಖಾಲಾ: "ಅಳು ನನ್ನ ರಾಜಾ, ಇನ್ನಾ ಜೋರ ಅಳು."

ನಾವು ತಿರುಗಿ ನೋಡುವಷ್ಟರಲ್ಲಿ ಅವಳು ಹೋಗಿದ್ದಳು. ಬಾಗಿಲು ಮತ್ತೆ ಮುಚ್ಚಿತ್ತು. ಮರುದಿನ ಅವ್ವ ಕಳಿಸಿದ ಹಾಲನ್ನು ತೆಗೆದುಕೊಂಡಳು, ಒಳಗೆ ಕರೆಯಲಿಲ್ಲ.

ಈಗ ನನಗೆ ಮೊಮ್ಮಕ್ಕಳಿದ್ದಾರೆ. ಮಲಗಿದ ಕೂಸನ್ನು ನೋಡುವುದೇ ಚೆಂದ ಎನ್ನುತ್ತಾರೆ. ನನ್ನಿಂದ ಆಗುವುದಿಲ್ಲ. ಬಹಳ ಹೊತ್ತು ಸದ್ದಿಲ್ಲದಿದ್ದರೆ ಹೋಗಿ ಅಂಗಾಲು ಚಿವುಟುತ್ತೇನೆ. "ಅತ್ತಿ, ಈಗ ಮಲಗಿಸಿದ್ನಲ್ಲ!" ಎಂದು ಸೊಸೆ ಬೈಯುತ್ತಾಳೆ. ಅವಳ ಬೈಗುಳ, ಕೂಸಿನ ಅಳು ಎರಡೂ ಕಿವಿಗೆ ಬಿದ್ದ ಮೇಲೆಯೇ ನಾನು ಉಸಿರು ಬಿಡುತ್ತೇನೆ.