ಬಾಗಿಲು ಕಾಯುವವನ ಮರೆವು

ಫೆರ್ಮಿನ್ ಒಖೇದಾ ನಮ್ಮ ಕಟ್ಟಡದ ಬಾಗಿಲು ಕಾಯುವವನು. ಬ್ಯೂನಸ್ ಐರಿಸ್‌ನ ನಮ್ಮ ಬೀದಿಯಲ್ಲಿ ಮರಗಳಿಗಿಂತ ಮನಶ್ಶಾಸ್ತ್ರಜ್ಞರೇ ಹೆಚ್ಚು. ನಮ್ಮ ಕಟ್ಟಡದಲ್ಲಂತೂ ಮಹಡಿಗೊಬ್ಬರು. ಜನ ಬರುತ್ತಾರೆ, ಸೋಫಾದ ಮೇಲೆ ಮಲಗಿ ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಾರೆ. ಬೀದಿಬಾಗಿಲಿಗೆ ಒಳಗಿನಿಂದಲೂ ಕೀಲಿ ಬೇಕು. ಕಣ್ಣೊರೆಸುತ್ತ ಇಳಿದು ಬಂದವರ ಮುಖ ನೋಡದೆ ಬಾಗಿಲು ತೆರೆದು, ಮಳೆ ಬಿಸಿಲಿನ ಒಂದು ಮಾತಾಡಿ ಬೀಳ್ಕೊಡುವುದು ಫೆರ್ಮಿನ್‌ನ ಕೆಲಸ. ಆ ಒಂದು ಮಾತಿಗೇ ಅರ್ಧ ಗುಣವಾಯಿತು ಎನ್ನುವವರಿದ್ದಾರೆ.

ಅಂಥವನು ಹೋದ ತಿಂಗಳು ಅತ್ತೆಯನ್ನು ಮರೆತ.

ಅವನ ಹೆಂಡತಿ ಸುಲ್ಮಾಳ ತಾಯಿ ದೋನ್ಯಾ ಬೆನಿತಾ ಸಾಂತಾ ಫೆಯಿಂದ ಬಸ್ಸಿನಲ್ಲಿ ಬಂದಿದ್ದಳು. ತಿಂಗಳ ಇಪ್ಪತ್ತೊಂಬತ್ತಕ್ಕೆ ಇಲ್ಲಿ ಎಲ್ಲರ ಮನೆಯಲ್ಲೂ ನ್ಯೋಕಿ, ಬೇಯಿಸಿದ ಆಲೂಗಡ್ಡೆಯ ಪುಟ್ಟ ಉಂಡೆಗಳು. ಅದನ್ನು ಮಗಳ ಮನೆಯಲ್ಲಿ ಕೈಯಾರೆ ಮಾಡಬೇಕೆಂಬುದು ಮುದುಕಿಯ ಆಸೆ. ರೆತಿರೊ ಬಸ್ ನಿಲ್ದಾಣದಲ್ಲಿ ತನ್ನ ಪೆಟ್ಟಿಗೆಯ ಮೇಲೆ ಕುಳಿತು ಕತ್ತಲಾಗುವ ತನಕ ಅಳಿಯನ ದಾರಿ ನೋಡಿದಳು. ಅಳಿಯ ಇಲ್ಲಿ ಬಾಗಿಲ ಹಿತ್ತಾಳೆ ಹಿಡಿಗೆ ಹೊಳಪು ಕೊಡುತ್ತಿದ್ದ.

ಸುಲ್ಮಾ ಕೂಗಾಡಲಿಲ್ಲ. "ಮುಂದಿನ ತಿಂಗಳು ಅಮ್ಮ ಮತ್ತೆ ಬರ್ತಾಳೆ. ಆಗ್ಲೂ ಹಿಂಗೇ ಆದ್ರೆ ಅವಳ ಜೊತೆ ಅದೇ ಬಸ್ ಹತ್ತಿ ಹೋಗ್ಬಿಡ್ತೀನಿ" ಎಂದಳು. "ನನ್ನ ಮರೆಯೋಕೆ ನಿಂಗೆ ಎಷ್ಟು ಹೊತ್ತು ಬೇಕು ನೋಡೋಣ."

ನಮ್ಮ ಲಿಫ್ಟು ನಿಧಾನ. ಸುದ್ದಿ ಮೆಟ್ಟಿಲು ಹತ್ತಿಕೊಂಡೇ ಮೇಲೆ ಹೋಯಿತು.

ನಾಲ್ಕನೆಯ ಮಹಡಿಯ ಪೆರ್ಲಾ ಗ್ರಿನ್‌ಬ್ಲಾಟ್ ಅವನನ್ನು ಮೆಟ್ಟಿಲಲ್ಲೇ ಹಿಡಿದು ನಿಲ್ಲಿಸಿದಳು. "ಮರೆವು ಅಂತ ಒಂದಿಲ್ಲ ಫೆರ್ಮಿನ್. ಬೇಡ ಅಂತ ಬಾಯಲ್ಲಿ ಹೇಳೋಕಾಗದೆ ಇದ್ದದ್ದನ್ನ ಮನಸ್ಸು ಮರೆತು ತೋರಿಸುತ್ತೆ. ಅತ್ತೆ ಮೇಲೆ ನಿಂಗೇನು ಸಿಟ್ಟು?" ಫೆರ್ಮಿನ್ ಬಹಳ ಯೋಚಿಸಿ, ಸಿಟ್ಟೇನಿಲ್ಲ, ಅವರು ಮಾಡುವ ನ್ಯೋಕಿ ಸ್ವಲ್ಪ ಗಟ್ಟಿ ಎಂದ. ಪೆರ್ಲಾ ಎಲ್ಲ ತಿಳಿದವಳಂತೆ ತಲೆಯಾಡಿಸಿದಳು. ಅಂದಿನಿಂದ ಅವನಿಗೆ ಹೊಸದೊಂದು ಚಿಂತೆ ಹತ್ತಿತು.

ಆರನೆಯ ಮಹಡಿಯ ಮುದುಕ ಡಾಕ್ಟರ್ ಲೆರ್ನೆರ್‌ಗೆ ಇದು ಒಪ್ಪಿಗೆಯಾಗಲಿಲ್ಲ. ತಾಯಿಯ ಬಸ್ಸು ಬರುವ ವಿಷಯ ಸುಲ್ಮಾ ಹೇಳಿದಾಗ ಫೆರ್ಮಿನ್ ರೇಡಿಯೊದಲ್ಲಿ ಫುಟ್‌ಬಾಲ್ ಕೇಳುತ್ತಿದ್ದನಂತೆ. ಕಿವಿಗೆ ಬಿದ್ದದ್ದು ಮನಸ್ಸಿಗೆ ಬೀಳಲೇ ಇಲ್ಲ, ಹಾಕದೇ ಇದ್ದದ್ದನ್ನು ಹೊರಗೆ ತೆಗೆಯುವುದು ಹೇಗೆ ಎಂದು ಅವರು ಕೇಳಿದರು. ಎರಡನೆಯ ಮಹಡಿಗೆ ಹೊಸದಾಗಿ ಬಂದ ಮಿಲಾಗ್ರೊಸ್ ಬೇರೆಯೇ ಹೇಳಿದಳು: ಮನುಷ್ಯ ಬಾಗಿಲು ದಾಟಿದ ಕೂಡಲೇ ಮನಸ್ಸು ಹಿಂದಿನ ಕೋಣೆಯ ವಿಚಾರವನ್ನು ಅಲ್ಲೇ ಬಿಟ್ಟುಬಿಡುತ್ತದಂತೆ. ಅಡುಗೆಮನೆಗೆ ಹೋಗಿ, ಯಾಕೆ ಬಂದೆ ಎಂದು ನಾವು ನಿಲ್ಲುವುದು ಅದಕ್ಕೇ.

ಇದನ್ನು ಕೇಳಿ ಫೆರ್ಮಿನ್ ನಿಜಕ್ಕೂ ಬೆದರಿದ. ಬೆಳಗಿನಿಂದ ಸಂಜೆಯವರೆಗೆ ಬಾಗಿಲು ದಾಟುವುದೇ ಬದುಕಾದವನ ಗತಿಯೇನು? ಆ ವಾರವೆಲ್ಲ ಹೊಸ್ತಿಲು ದಾಟುವಾಗ "ಅತ್ತೆ, ರೆತಿರೊ, ಅತ್ತೆ, ರೆತಿರೊ" ಎಂದು ತುಟಿ ಅಲ್ಲಾಡಿಸುತ್ತಿದ್ದ. ಪ್ರಾರ್ಥನೆಯಿರಬೇಕೆಂದು ಒಬ್ಬ ಹೆಂಗಸು ಶಿಲುಬೆಯ ಗುರುತು ಮಾಡಿಕೊಂಡಳು.

ಇಪ್ಪತ್ತೊಂಬತ್ತು ಬಂತು. ನಾಲ್ಕು ಗಂಟೆಯ ಬಸ್ಸಿಗೆ ಫೆರ್ಮಿನ್ ಎರಡಕ್ಕೇ ಟೈ ಕಟ್ಟಿಕೊಂಡು ಹೊರಟ. ಒಂದನ್ನು ಅಷ್ಟು ಬಿಗಿಯಾಗಿ ಹಿಡಿದುಕೊಂಡವನ ಕೈಯಿಂದ ಉಳಿದದ್ದೆಲ್ಲ ಜಾರಿತು. ಯಾರಿಗೂ ಹೇಳದೆ ಬೀದಿಬಾಗಿಲಿಗೆ ಬೀಗ ಹಾಕಿಕೊಂಡು ಹೋಗಿಬಿಟ್ಟ.

ಆ ಬೀಗ ಹೊಸದು. ಬದಲಾಯಿಸಿದಾಗ ಎಲ್ಲರಿಗೂ ಒಂದೊಂದು ಕೀಲಿ ಕೊಟ್ಟಿದ್ದ. ಬಾಗಿಲಲ್ಲಿ ಸದಾ ಅವನೇ ಇರುತ್ತಿದ್ದುದರಿಂದ ಯಾರಿಗೂ ಅದು ಬೇಕಾಗಿರಲಿಲ್ಲ. ಮೂರಕ್ಕೆ ಹತ್ತು ನಿಮಿಷವಿರುವಾಗ, ಎಲ್ಲ ಮಹಡಿಗಳ ಸೋಫಾಗಳೂ ಒಟ್ಟಿಗೆ ಬರಿದಾಗುವ ಹೊತ್ತಿಗೆ, ಜನ ಇಳಿದು ಬಂದು ಗಾಜಿನ ಬಾಗಿಲ ಹಿಂದೆ ನಿಂತರು. ಅವರ ಹಿಂದೆ ಮನಶ್ಶಾಸ್ತ್ರಜ್ಞರು ಖಾಲಿ ಜೇಬು ತಡಕುತ್ತ ಇಳಿದರು. ನಾನೂ ಇಳಿದೆ, ನನ್ನ ಕೀಲಿ ಸಕ್ಕರೆ ಡಬ್ಬಿಯಲ್ಲೂ ಇರಲಿಲ್ಲ. ಫೆರ್ಮಿನ್‌ಗೆ ಫೋನ್ ಮಾಡಿದರೆ ಅವನ ಕುರ್ಚಿಯ ಮೇಲೆ ರಿಂಗಾಯಿತು. ಕೊನೆಗೆ ಎಲ್ಲರೂ ಮೆಟ್ಟಿಲ ಮೇಲೆ ಕುಳಿತರು. ಪೆರ್ಲಾಳಲ್ಲಿಗೆ ಬರುವ ಗೃಹಸ್ಥನೊಬ್ಬ ತನ್ನ ಕನಸನ್ನು ಲೆರ್ನೆರ್‌ಗೆ ಪುಕ್ಕಟೆಯಾಗಿ ಹೇಳತೊಡಗಿದಾಗ ಪೆರ್ಲಾ ಗೋಡೆ ನೋಡುತ್ತ ಕುಳಿತಳು.

ಐದರ ಹೊತ್ತಿಗೆ ಟ್ಯಾಕ್ಸಿಯಿಂದ ಅತ್ತೆಯ ಕೈಹಿಡಿದು ಇಳಿಸಿದ ಫೆರ್ಮಿನ್, ಗಾಜಿನ ಹಿಂದಿನ ಮುಖಗಳನ್ನು ಕಂಡು ಬಿಳಿಚಿಕೊಂಡ. ಬಾಗಿಲು ತೆರೆದಾಗ ದೋನ್ಯಾ ಬೆನಿತಾ ಎಲ್ಲರನ್ನೂ ನೋಡಿದಳು.

"ಇಷ್ಟು ಜನದ ಹತ್ರ ಒಂದು ಕೀಲಿ ಇಲ್ವಾ? ಎಲ್ರೂ ಮರೆತ್ರಾ?"

"ಮರೆತಿಲ್ಲ," ಎಂದಳು ಪೆರ್ಲಾ. "ತಂದಿಲ್ಲ, ಅಷ್ಟೆ."

ಅಷ್ಟರಲ್ಲಿ ಕೆಲಸ ಮುಗಿಸಿ ಬಂದ ಸುಲ್ಮಾ, ಗಂಡನ ಪಕ್ಕದಲ್ಲಿ ತಾಯಿ ನಿಂತಿರುವುದನ್ನು ಕಂಡು ಅವನ ವಾರೆಯಾದ ಟೈ ಸರಿಮಾಡಿದಳು. ಆದರೆ ಮುದುಕಿ ಚೀಲ ತಡಕುತ್ತಿದ್ದಳು. ನ್ಯೋಕಿಗೆ ಗೆರೆ ಒತ್ತುವ ಮರದ ಹಲಗೆ, ಅವಳ ತಾಯಿಯ ಕಾಲದ್ದು, ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದದ್ದು, ಬಸ್ಸಿನಲ್ಲೇ ಉಳಿದಿತ್ತು. ಅವಳು ಚೀಲವನ್ನು ಮತ್ತೊಮ್ಮೆ ಬೋರಲು ಹಾಕಿ ನೋಡಿದಳು.

ಪೆರ್ಲಾ ಬಾಯಿ ತೆರೆದಳು. ಸುಲ್ಮಾ ನೋಡಿದ ನೋಟಕ್ಕೆ ಮುಚ್ಚಿದಳು.

"ಫೋರ್ಕ್ ಬೆನ್ನಲ್ಲೂ ಗೆರೆ ಬರುತ್ತೆ, ಅತ್ತೆ," ಎಂದ ಫೆರ್ಮಿನ್. "ನಾನು ಒತ್ತಿಕೊಡ್ತೀನಿ. ಹಲಗೆ ನಾಳೆ ರೆತಿರೊಗೆ ಹೋಗಿ ಕೇಳ್ಕೊಂಡು ಬರ್ತೀನಿ."

"ನೆನಪಿರುತ್ತಾ?" ಎಂದು ಕೇಳಿ ಸುಲ್ಮಾ ನಕ್ಕಳು. ಆ ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಸಂಜೆ ನಮ್ಮ ಮನೆಗೂ ಒಂದು ತಟ್ಟೆ ನ್ಯೋಕಿ ಬಂತು. ಗಟ್ಟಿಯಾಗಿಯೇ ಇತ್ತು. ಫೆರ್ಮಿನ್ ಎರಡು ಸಲ ಬಡಿಸಿಕೊಂಡನಂತೆ.