ಹೆಗಲು ನೋಯಲೆಂದು ಕಾದು ಕೂತದ್ದು

ಹೆಗಲು ನೋವು ಬಂತೆಂದು ಕುಣಿಯಬೇಕೆನಿಸಿದ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಹೋದ ಮಂಗಳವಾರ ಹುಬ್ಬಳ್ಳಿಯ ಒಂದು ದವಾಖಾನೆಗೆ ಬಂದಿದ್ದರೆ ಕಾಣುತ್ತಿದ್ದಿರಿ. ಟೇಬಲ್ ಮೇಲೆ ಕೂತಿದ್ದ ನನ್ನನ್ನು ನರ್ಸ್ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಇಲ್ಲದಿದ್ದರೆ ಕುಣಿದೇ ಬಿಡುತ್ತಿದ್ದೆ.

ಈ ವಾರದ ಮಾತು ಹೆಂಗಸರ ಹೊಟ್ಟೆಯದು. (ಸಂಪಾದಕರು ಕೆಂಪು ಪೆನ್ಸಿಲ್ ಹಿಡಿದು ಕೂತಿರುತ್ತಾರೆ, ಗೊತ್ತು. ಗೀಟು ಎಳೆಯುವ ಮೊದಲು ಒಮ್ಮೆ ತಮ್ಮ ಮನೆಯಲ್ಲಿ ಓದಿ ಹೇಳಲಿ. ಅವರ ಹೆಂಡತಿ ಬೇಡವೆಂದರೆ ನಾನೂ ಸುಮ್ಮನಾಗುತ್ತೇನೆ.) ಮುಜುಗರವಾಗುವ ಗಂಡಸರಿಗೆ ಪಕ್ಕದ ಪುಟದಲ್ಲಿ ಪೇಟೆ ಧಾರಣೆ ಇದೆ. ಹತ್ತಿಯ ಭಾವ ಏನಾಯಿತು ನೋಡಿಕೊಳ್ಳಿ.

ಎರಡು ವರ್ಷದ ಹಿಂದಿನ ಸಂಗತಿ. ಸವಣೂರಿನ ನಮ್ಮ ಮನೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ. ಹೆಣ್ಣುಮಕ್ಕಳ ಸಾಲೆಯಲ್ಲಿ ನಾನು ಟೀಚರ್. ಗಂಟೆ ಹೊಡೆಯುವ ಹೊತ್ತಾಗಿತ್ತು. ಬೆಳಗಿನಿಂದ ಕಿಬ್ಬೊಟ್ಟೆ ನೋಯುತ್ತಿತ್ತು. ಇದ್ದಕ್ಕಿದ್ದಂತೆ ಬಲ ಹೆಗಲ ತುದಿ ಚುಳ್ ಎಂದಿತು.

"ನಿನ್ನೆ ಕೊಡ ಹೊತ್ತೀಯಲ್ಲ, ಅದಕ್ಕ" ಎಂದು ಅತ್ತೆ ಎಣ್ಣೆ ಬಿಸಿ ಮಾಡಿ ತಂದು ತಿಕ್ಕತೊಡಗಿದರು. ತಿಕ್ಕುತ್ತಿದ್ದಂತೆಯೇ ನನಗೆ ಕಣ್ಣು ಕತ್ತಲೆ ಬಂತು.

ನಮ್ಮವರದು ಎಲೆ ತೋಟ. ಅವತ್ತು ಪೇಟೆಗೆ ಹೊರಟಿದ್ದ ಲಾರಿಯಲ್ಲಿ, ವೀಳ್ಯದೆಲೆಯ ಪೆಂಡಿಗಳ ನಡುವೆ ನನ್ನನ್ನು ಮಲಗಿಸಿಕೊಂಡು ದೊಡ್ಡ ಆಸ್ಪತ್ರೆಗೆ ಒಯ್ದರಂತೆ. (ಯಾವ ಆಸ್ಪತ್ರೆ ಎಂದು ಕೇಳಬೇಡಿ.) ಎಚ್ಚರವಾದಾಗ ಹೊಟ್ಟೆಗೆ ಹೊಲಿಗೆ ಬಿದ್ದಿತ್ತು. ಬಸುರಿ ಎಂದು ನನಗೇ ಸರಿಯಾಗಿ ಗೊತ್ತಾಗುವ ಮೊದಲೇ ಬಸುರು ಹೋಗಿತ್ತು. ಅವರು ಜೀವ ಉಳಿಸಿದರು. ಅದಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ.

ಆದರೆ ಜೀವ ಉಳಿಸಿದವರು ಒಂದು ಮಾತು ಉಳಿಸಿಕೊಂಡುಬಿಟ್ಟರು ನೋಡಿ.

ಹೊಲಿಗೆ ಬಿಚ್ಚಿದ ದಿನ ಡಾಕ್ಟರಿಗೆ ಕೇಳಿದೆ: "ಏನ್ ತಗದ್ರಿ ಸಾಹೇಬ್ರ? ಇನ್ನ ಮುಂದ ನನಗ ಮಕ್ಕಳಾಗ್ತಾವ ಇಲ್ರಿ?"

ಅವರು ತಲೆ ಎತ್ತಲಿಲ್ಲ. "ನಿಮ್ಮ ಮನಿಯವರನ್ನ ಒಳಗ ಕಳಸ್ರಿ" ಎಂದರು.

ಕಳಿಸಿದೆ. ನಮ್ಮವರು ಪರವೂರಿನ ಎಲೆ ದಲಾಲಿಗಳ ಹತ್ತಿರ ಗಂಟಲು ಹರಿಯುವಂತೆ ಚೌಕಾಸಿ ಮಾಡುವವರು. ಆದರೆ ಹೆಂಗಸಿನ ವಿಷಯ ಬಂದರೆ ಬಾಯಿಗೆ ಬೀಗ. ಹೋದಷ್ಟೇ ಬೇಗ ಹೊರಗೆ ಬಂದರು.

"ಏನಂದ್ರು?"

"ಟಾನಿಕ್ ಬರದಾರ."

"ಮತ್ತ?"

"ಖಾರ ತಿನ್ನಬ್ಯಾಡ ಅಂದಾರ."

ಇಷ್ಟೇ! ಸವಣೂರಿನವಳಿಗೆ ಖಾರ ಬಿಡು ಎನ್ನುವುದೇ ಒಂದು ಶಿಕ್ಷೆ. ಅದನ್ನೂ ಬಿಟ್ಟೆ. ಕೆಲವು ತಿಂಗಳ ನಂತರ ಮತ್ತೆ ಅದೇ ಆಸ್ಪತ್ರೆಗೆ ಹೋಗಿ, ಅದೇ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತು, ಅದೇ ಪ್ರಶ್ನೆ ಕೇಳಿದೆ. "ಗಾಯ ಮಾದೈತಿ. ದೇವರು ಕೊಟ್ರ ಆಗ್ತಾವ" ಎಂದರು. ದೇವರನ್ನೇ ಕೇಳುವುದಿದ್ದರೆ ನಮ್ಮ ಓಣಿಯಲ್ಲೇ ಗುಡಿ ಇತ್ತು. ಅಷ್ಟು ದೂರ ಯಾಕೆ ಹೋಗುತ್ತಿದ್ದೆ?

ಇತ್ತ ಊರಿನಲ್ಲಿ ಉತ್ತರಕ್ಕೆ ಬರವೇ ಇರಲಿಲ್ಲ. ಗರ್ಭಚೀಲವನ್ನೇ ತೆಗೆದುಹಾಕಿದ್ದಾರೆ ಎಂದು ಒಬ್ಬರು. ಸಾಲೆಯಲ್ಲಿ ದಿನವಿಡೀ ನಿಂತು ಪಾಠ ಹೇಳಿದ್ದಕ್ಕೇ ಹೀಗಾಯಿತು ಎಂದು ಇನ್ನೊಬ್ಬರು. ಅತ್ತೆ ಹಿರೇಕೆರೂರಿನ ಕಡೆಯ ಯಾವುದೋ ದೇವಿಗೆ ಹರಕೆ ಹೊತ್ತರು, ಓಣಿಯ ಬೀಬಿಯವರ ಜೊತೆ ದರ್ಗಾಕ್ಕೂ ಕರೆದೊಯ್ದರು. ಎಲ್ಲ ಕಡೆಗೂ ಹೋದೆ. ಕೈ ಮುಗಿದೆ. ಪ್ರಶ್ನೆ ಹಾಗೇ ಉಳಿಯಿತು.

ಕಡೆಗೆ ಒಂದು ದಿನ ಪಡಸಾಲೆಯಲ್ಲಿ ಅತ್ತೆ ಮಗನಿಗೆ ಹೇಳಿದರು, "ತಿಳವಳ್ಳಿಯೊಳಗ ನಮ್ಮಣ್ಣನ ಮಗಳು ಅದಾಳ. ಇಕಿಗೇನು ನಾವು ಮನಿ ಬಿಡು ಅನ್ನಾಕತ್ತಿಲ್ಲ. ಇಬ್ಬರೂ ಇರ್ಲಿ."

ಎರಡನೆಯ ಹೆಂಡತಿ ಕೂಡದೆಂದು ಕಾನೂನು ಬಂದು ವರ್ಷಗಳಾದವು. ಆ ಕಾನೂನು ನಮ್ಮ ಪಡಸಾಲೆಯವರೆಗೆ ಇನ್ನೂ ಬಂದಿಲ್ಲ. ನಮ್ಮವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಎದ್ದು ತೋಟಕ್ಕೆ ಹೋದರು. ಅತ್ತೆಯ ಮಾತಿಗಿಂತ ಅವರು ಎದ್ದು ಹೋದದ್ದೇ ನನಗೆ ಹೆಚ್ಚು ನೋವು ತಂದಿತು.

ಅವತ್ತೇ ಗಟ್ಟಿ ಮಾಡಿಕೊಂಡೆ. ಮಕ್ಕಳಾಗುವುದಿಲ್ಲವೆಂದರೆ ಆಗುವುದಿಲ್ಲವೆಂದು ಬಲ್ಲವರು ನನ್ನ ಮುಖಕ್ಕೆ ಹೇಳಲಿ. ಅತ್ತು ಸುಧಾರಿಸಿಕೊಳ್ಳುತ್ತೇನೆ. ಏನೂ ಗೊತ್ತಿಲ್ಲದೆ ಎಷ್ಟು ದಿನ ಅಂತ ಅಳುವುದು?

ಹುಬ್ಬಳ್ಳಿಯಲ್ಲಿ ಒಬ್ಬ ಲೇಡಿ ಡಾಕ್ಟರ್ ಇದ್ದಾರೆಂದು ಸಾಲೆಯ ಅಕ್ಕೋರೊಬ್ಬರು ಹೇಳಿದ್ದರು. ರಜೆ ಬರೆದುಕೊಟ್ಟೆ. ನಮ್ಮವರಿಗೆ, "ಬಂದ್ರ ಬರ್ರಿ. ಬರದಿದ್ರೂ ನಾ ಹೋಗ್ತೇನಿ" ಎಂದೆ. ಅವರು ಅಂಗಿ ಹಾಕಿಕೊಂಡರು. ಡಾಕ್ಟರಿಗೆಂದು ಒಂದು ಕಟ್ಟು ಎಳೆಯ ಎಲೆಯನ್ನೂ ತೆಗೆದುಕೊಂಡರು. ಯಲವಿಗಿಯವರೆಗೆ ಟಾಂಗಾ, ಅಲ್ಲಿಂದ ರೈಲು.

ಡಾಕ್ಟರಬಾಯಿಗೆ ವಯಸ್ಸಾಗಿದೆ. ದನಿ ಮಾತ್ರ ಬೀದಿಗೆ ಕೇಳುವಂಥದ್ದು. ನಮ್ಮವರು ಕುರ್ಚಿ ಎಳೆದುಕೊಳ್ಳುವುದರೊಳಗೆ, "ನೀವು ಹೊರಗ ಕುಂದ್ರಿ. ನಿಮ್ಮ ಹೊಟ್ಟಿ ಅಲ್ಲಲಾ ನಾ ನೋಡೋದು? ಎಲಿ ನರ್ಸಮ್ಮಗ ಕೊಡ್ರಿ, ನಾ ತಿನ್ನೂದಿಲ್ಲ" ಎಂದುಬಿಟ್ಟರು.

ಆಮೇಲೆ ನನ್ನ ಕಡೆ ತಿರುಗಿದರು. "ಹೇಳವಾ. ಏನಾತು? ಮೊದಲಿಂದ ಹೇಳು."

ಮೊದಲಿಂದ ಹೇಳು! ಎರಡು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಹೆಗಲು ನೋವಿನಿಂದ ಶುರು ಮಾಡಿದೆ. ಅವರು ಪೆನ್ನು ಕೆಳಗಿಟ್ಟರು.

"ಹೆಗಲು ನೋಯ್ತೇನ? ಇದನ್ನ ಆ ಡಾಕ್ಟರ ಮುಂದ ಹೇಳಿದ್ಯಾ?"

"ಯಾರೂ ಕೇಳಲಿಲ್ಲರಿ."

ಅವರು ಹೇಳಿದ್ದು ಹೀಗೆ. ಬಸುರು ಗರ್ಭಚೀಲಕ್ಕೆ ಬರದೆ, ದಾರಿಯಲ್ಲಿ ಗರ್ಭನಾಳದಲ್ಲೇ ಕೂತುಬಿಟ್ಟಿತ್ತು. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ಸೋರಿತು. ಹೊಟ್ಟೆಯಲ್ಲಿ ರಕ್ತ ತುಂಬಿದರೆ ಹೆಗಲು ನೋಯುವುದುಂಟು. ಒಡೆದ ನಾಳವನ್ನು ತೆಗೆದಿರುತ್ತಾರೆ.

"ಗರ್ಭಚೀಲಾನೂ ತಗದಾರಂತಾರ್ರಿ ಊರಾಗ."

"ತಿಂಗಳಾ ಹೊರಗಾಗ್ತೀಯಿಲ್ಲ?"

"ಆಗ್ತೇನ್ರಿ."

"ಚೀಲ ಇಲ್ಲದ ಎಲ್ಲಿಂದ ಆಗ್ತಿ?"

ಊರಿಗೆ ಊರೇ ಎರಡು ವರ್ಷ ಆಡಿದ ಮಾತು ಒಂದೇ ಪ್ರಶ್ನೆಗೆ ಬಿದ್ದುಹೋಯಿತು.

ಉಳಿದ ಇನ್ನೊಂದು ನಾಳ ತೆರೆದಿದೆಯೋ ಮುಚ್ಚಿದೆಯೋ ಎಂಬುದೇ ಈಗಿನ ಪ್ರಶ್ನೆ. ಮುಂದಿನ ಮುಟ್ಟು ಮುಗಿದ ಮೇಲೆ ಬಾ ಎಂದರು. ಹಾಗೆ ಹೋದದ್ದೇ ಕಳೆದ ಮಂಗಳವಾರ.

"ಗರ್ಭಚೀಲದೊಳಗ ಗಾಳಿ ಬಿಟ್ಟು ನೋಡ್ತೇನಿ. ನಾಳದ ದಾರಿ ತೆರದಿದ್ರ ಗಾಳಿ ಹೊಟ್ಟಿಗೆ ಬರ್ತೈತಿ, ಎದ್ದು ಕುಂತಾಗ ಹೆಗಲು ನೋಯ್ತೈತಿ. ನೋಯಲಿಲ್ಲಂದ್ರ ದಾರಿ ಮುಚ್ಚಿರಬೇಕು. ಏನಿದ್ರೂ ನಿನಗ ಹೇಳ್ತೇನಿ. ಸುಳ್ಳು ಹೇಳೂದಿಲ್ಲ."

ಪರೀಕ್ಷೆ ಸುಖದ್ದೇನಲ್ಲ. ಹಲ್ಲು ಕಚ್ಚಿಕೊಂಡೆ. ಮುಗಿಯಿತು. ನರ್ಸ್ ಎಬ್ಬಿಸಿ ಕೂರಿಸಿದಳು.

ಏನೂ ಇಲ್ಲ.

ಹೆಗಲು ಸುಮ್ಮನಿತ್ತು. ನನ್ನ ಕೇಡಿಗೆ, ಅಷ್ಟು ಹಗುರವಾಗಿ ಅದು ಯಾವತ್ತೂ ಇರಲಿಲ್ಲ! ತಿಳವಳ್ಳಿಯ ಹುಡುಗಿ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದೂ ಕಣ್ಣಿಗೆ ಕಂಡಿತು. ನೋಯಲಿ, ನೋಯಲಿ ಎಂದು ಕಣ್ಣು ಮುಚ್ಚಿ ಕೂತೆ. ನೋವು ಬರಲೆಂದು ಯಾರಾದರೂ ಹೀಗೆ ಕಾದದ್ದುಂಟೇ?

ಆಗ ಬಂತು. ಹೆಗಲ ತುದಿಯಲ್ಲಿ, ಅದೇ ಚುಳ್.

"ನೋಯಾಕತ್ತೈತ್ರೀ!" ಎಂದು ಕೂಗಿದೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಕೂಗಿದ್ದು ಹೊರಗೆ ಕೂತ ನಮ್ಮವರಿಗೂ ಕೇಳಿಸಿ, ಏನೋ ಅನಾಹುತವಾಯಿತೆಂದು ಬಾಗಿಲಿಗೆ ಓಡಿ ಬಂದರು.

ಡಾಕ್ಟರಬಾಯಿ ನಕ್ಕರು. ಕೂಡಲೇ ಬೆರಳು ಎತ್ತಿದರು. "ದಾರಿ ತೆರದೈತಿ. ಕೂಸು ಆಗೇ ಆಗ್ತೈತಿ ಅಂತ ನಾ ಅನ್ನಲಿಲ್ಲ. ಒಮ್ಮೆ ನಾಳದಾಗ ನಿಂತದ್ದು ಇನ್ನೊಮ್ಮೆ ನಿಲ್ಲಬಹುದು. ತಿಂಗಳು ತಪ್ಪಿತೋ, ಎಣ್ಣಿ ತಿಕ್ಕಿಸ್ಕೋತ ಕುಂದ್ರಬ್ಯಾಡ. ಮೊದಲ ರೈಲು ಹಿಡದು ಬಾ."

ಇದೇ ಮಾತನ್ನು ಎರಡು ವರ್ಷದ ಹಿಂದೆ, ಹೊಲಿಗೆ ಬಿಚ್ಚುವಾಗಲೇ ಹೇಳಬಹುದಿತ್ತಲ್ಲ? ಹೇಳಲು ಎಷ್ಟು ಹೊತ್ತು ಬೇಕು? ಈ ನಡುವೆ ತಿಂಗಳು ತಪ್ಪಿದ್ದರೆ? ಆಗಲೂ ನಾನು ಎಣ್ಣೆಯನ್ನೇ ತಿಕ್ಕಿಸಿಕೊಳ್ಳುತ್ತಿದ್ದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ರೈಲಿನಲ್ಲಿ ನಮ್ಮವರಿಗೆ ಎಲ್ಲ ಹೇಳಿದೆ. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು. ಗುಡಗೇರಿ ದಾಟಿದ ಮೇಲೆ ಬಾಯಿ ಬಿಟ್ಟರು: "ರೈಲು ಯಾಕ? ಲಾರಿ ಐತಿ." ಯಲವಿಗಿಯಲ್ಲಿ ಇಳಿಯುವಾಗ, "ತಿಳವಳ್ಳಿ ಮಾತು ನಾ ಇವತ್ತ ಅವ್ವಗ ಹೇಳಿ ಮುಗಸ್ತೇನಿ." ಎರಡು ವರ್ಷದಲ್ಲಿ ಅವರು ಆಡಿದ ಅತಿ ಉದ್ದದ ಭಾಷಣ ಅದು.

ಆದರೆ ಅವರು ಹೇಳುವ ಪ್ರಸಂಗ ಬರಲಿಲ್ಲ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಎಂದಿನಂತೆ ಮಗನನ್ನು ಕೇಳಿದರು, "ಏನಂದ್ಳೋ ಡಾಕ್ಟರಬಾಯಿ?"

"ನನ್ನ ಕೇಳ್ರಿ ಅತ್ತಿ" ಎಂದೆ. "ಹೆಗಲು ನೋವು ಬಂತ್ರಿ."

"ಅಯ್ಯ ನನ್ನವ್ವ!" ಎಂದು ಅವರು ಎಣ್ಣೆಗೆ ಒಳಗೆ ಓಡಿದರು. ಕೈ ಹಿಡಿದು ನಿಲ್ಲಿಸಿ, ಕೂರಿಸಿ, ಮೊದಲಿಂದ ಹೇಳಿದೆ. ನಾಳ, ಚೀಲ, ಗಾಳಿ, ಎಲ್ಲ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಎರಡು ವರ್ಷದಿಂದ ನನಗೆ ಹೊಳೆಯದ ರೀತಿಯಲ್ಲಿ ನನ್ನ ಪ್ರಶ್ನೆಯನ್ನು ತಾವೇ ಕೇಳಿದರು. ಆ ದೊಡ್ಡ ಆಸ್ಪತ್ರೆಯವರು ಈ ಪತ್ರಿಕೆ ಓದುತ್ತಿದ್ದರೆ ಉತ್ತರ ಕೊಡಲಿ:

"ಕೊಯ್ಯಾಕ ನಿನ್ನ ಹೊಟ್ಟಿ ಬೇಕಾತು, ಹೇಳಾಕ ನಿನ್ನ ಕಿವಿ ಬ್ಯಾಡಾತೇನ ಅವರಿಗೆ?"